ರಟ್ಟಿನ ಮನೆಯಲ್ಲಿ ಎಲ್ಲರೂ ಇದ್ದಾರೆ

ಜೂನ್ 10, ಸೋಮವಾರ

ಮುಂದೆ ಬರಲಿರುವ ಸಕಲ ತಲೆಮಾರುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಮೊದಲ ಗಂಟೆ ಬಾರಿಸಿದ ಸ್ವಲ್ಪ ಹೊತ್ತಿಗೆ ನನಗೆ ಅರ್ಧ ಕಪಾಟು ಪ್ರಾಪ್ತವಾಯಿತು. ಮೇಲಿನರ್ಧ ಡ್ರಾಯಿಂಗ್ ಮೇಷ್ಟ್ರದು, ಕೆಳಗಿನರ್ಧ ನನ್ನದು. ನಡುವಿನ ಹಲಗೆಯ ಅಂಚಿಗೆ ಅವರೇ ಕೆಂಪು ಬಣ್ಣ ಬಳಿದು ಗಡಿ ಗುರುತಿಸಿದ್ದಾರೆ. "ನಿಮ್ಮ ಗೋಂದು ನಮ್ಮ ಕಡೆ ಬಂದರೆ ಯುದ್ಧವೇ ಮತ್ತೆ," ಎಂದು ನಗದೆ ಹೇಳಿದರು. ಬೀಗವಿಲ್ಲ. ಬಾಗಿಲು ಮುಚ್ಚಬೇಕಾದರೆ ಮೊಣಕಾಲಿನಿಂದ ಒಮ್ಮೆ ಗುದ್ದಬೇಕು. ಸಮ್ರಾಟನಾದವನಿಗೆ ಇಷ್ಟಾದರೂ ಶ್ರಮ ಇರಬೇಕಾದ್ದೇ.

ಈ ದಿನಚರಿಯೂ ಇಂದಿನಿಂದಲೇ ಶುರು. ಅಕ್ಕ ಕೇಳಿದಳು, "ಅದರಲ್ಲಿ ಏನು ಬರೀತೀಯ?"

"ನನ್ನ ಪ್ರಯೋಗಗಳ ಚರಿತ್ರೆ."

"ಓದೋರು ಯಾರು?"

"ಯಾರೂ ಇಲ್ಲ."

"ಸದ್ಯ!" ಎಂದು ಹೊಲಿಗೆ ಮೆಷಿನ್ ತುಳಿಯತೊಡಗಿದಳು.

ಚರಿತ್ರೆಯ ಹಿನ್ನೆಲೆ ಹೀಗಿದೆ. ನಮ್ಮ ಶಾಲೆಯಲ್ಲಿ ಈ ವರ್ಷ ಮೊದಲ ಬಾರಿಗೆ ಮೂರನೇ ತರಗತಿಯ ಮಕ್ಕಳಿಗೆ ಪರದೇಶದ ಭಾಷೆಯೊಂದನ್ನು ಕಲಿಸುವ ಪ್ರಯೋಗ. ಪ್ರಯೋಗಪಶು ನಾನು. ಆಗಸ್ಟ್ ಕೊನೆಯ ಶನಿವಾರ ಶಾಲಾ ಸಮಿತಿಯವರ ಮುಂದೆ, ತಂದೆತಾಯಿಗಳ ಮುಂದೆ, ನಾನೊಂದು ಪಾಠ ಮಾಡಿ ತೋರಿಸಬೇಕು. ಅವರು ಒಪ್ಪಿದರೆ ಪಾಠವೂ ಖಾಯಂ, ನಾನೂ ಖಾಯಂ. ಒಪ್ಪದಿದ್ದರೆ ನನ್ನ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ನಾನು ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಹೆಡ್‌ಮಿಸ್ ಹೇಳಲಿಲ್ಲ.

ಜೂನ್ 14, ಶುಕ್ರವಾರ

ಇಂದು ನಾಮಕರಣ. ಪರಭಾಷೆ ಕಲಿಸುವವರು ಮಕ್ಕಳಿಗೆ ಆ ಭಾಷೆಯ ಹೆಸರೊಂದನ್ನು ಕೊಡುವುದು ರೂಢಿ. ಸ್ವಂತ ಹೆಸರಿನಲ್ಲಿ ತಪ್ಪು ಮಾಡಲು ನಾಚುವ ಮಗು ಇನ್ನೊಂದು ಹೆಸರಿನಲ್ಲಿ ಧೈರ್ಯವಾಗಿ ತಪ್ಪು ಮಾಡುತ್ತದೆ. ನಾನು ಪ್ರಾಣಿಗಳ ಚಿತ್ರ ಇಟ್ಟೆ, ತಮಗೆ ಬೇಕಾದ್ದು ಆರಿಸಿಕೊಂಡರು. ಹುಲಿಗಾಗಿ ಹೊಡೆದಾಟವಾಯಿತು. ಕಪ್ಪೆಯಾಗಿರುವವನು ಹುಟ್ಟುವಾಗಲೇ ಕಪ್ಪೆಯಾಗಿ ಹುಟ್ಟಿರಬೇಕು, ಬೆಂಚಿನ ಮೇಲೆ ಕೂತದ್ದನ್ನು ನಾನಿನ್ನೂ ನೋಡಿಲ್ಲ. ಒಂಟೆಯಾಗಲು ಒಬ್ಬಳು ತಾನಾಗಿ ಮುಂದೆ ಬಂದಳು. ಕೊನೆಯಲ್ಲಿ ಉಳಿದದ್ದು ಅಳಿಲು. ಕಿಟಕಿ ಪಕ್ಕದ ಹುಡುಗಿ ಯಾವುದನ್ನೂ ಆರಿಸದೆ ಕೂತಿದ್ದಳು, ಅದು ಅವಳಿಗೆ ಹೋಯಿತು. "ಆಗಬಹುದಾ?" ಅಂದೆ. ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಗೊತ್ತಾಗಲಿಲ್ಲ. ಹೌದೆಂದು ಬರೆದುಕೊಂಡೆ.

ಬಾಗಿಲಿನ ಒಳಗೆ ಸೀಮೆಸುಣ್ಣದಲ್ಲೊಂದು ಗೆರೆ ಎಳೆದಿದ್ದೇನೆ. ಗೆರೆ ದಾಟಿ ಒಳಗೆ ಬಂದರೆ ಮನೆಮಾತು ಬಂದ್. ಮಕ್ಕಳು ಇದಕ್ಕೆ 'ಆಚೆ ಭಾಷೆ' ಎಂದು ಹೆಸರಿಟ್ಟಿದ್ದಾರೆ. ಕಪ್ಪೆ ಗೆರೆಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಂತು, "ಸರ್, ಈಗ ಯಾವುದರಲ್ಲಿ ಮಾತಾಡ್ಲಿ?" ಎಂದ. ಶಿಕ್ಷಣಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಜೂನ್ 26, ಬುಧವಾರ

ಚೀಲದಾಟ ಗೆದ್ದಿತು. ಬಟ್ಟೆಯ ಚೀಲದೊಳಗೆ ಚಮಚ, ಬಾಚಣಿಗೆ, ಬೀಗ, ಗುಂಡಿ. ಕೈ ಹಾಕಿ, ನೋಡದೆ, ಮುಟ್ಟಿ ಹೆಸರು ಹೇಳಬೇಕು. ಹಾಡೂ ಗೆದ್ದಿತು: ತಲೆ, ಭುಜ, ಮೊಣಕಾಲು ಎಂದು ಮುಟ್ಟಿಕೊಳ್ಳುತ್ತ ಕುಣಿಯುವುದು. ಕುಣಿದೂ ಕುಣಿದೂ ನನ್ನ ಮೊಣಕಾಲಿಗೆ ತನ್ನ ಹೆಸರು ಆಚೆ ಭಾಷೆಯಲ್ಲೂ ಗೊತ್ತಾಗಿದೆ.

ಅಳಿಲು ಹಾಡುವುದಿಲ್ಲ. ಬರೀ ಮುಟ್ಟಿಕೊಳ್ಳುತ್ತಾಳೆ.

ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ "ಹೇಗಿದ್ದೀಯ?" ಎಂದು ಆಚೆ ಭಾಷೆಯಲ್ಲಿ ಕೇಳಿ ಅಭ್ಯಾಸ ಮಾಡಿಸಲು ನೋಡಿದೆ. "ನೀನು ನಮ್ಮ ಭಾಷೇಲಿ ಕೇಳಿದ್ದಕ್ಕೇ ನಾನು ಉತ್ತರ ಹೇಳೋಷ್ಟರಲ್ಲಿ ಸ್ನಾನಕ್ಕೆ ಹೋಗಿರ್ತೀಯ. ಅದರಲ್ಲಿ ಬೇರೆ ಕಲೀಬೇಕಾ?" ಎಂದಳು. ಆಮೇಲೆ ಕಣ್ಣಿನದ್ದೋ ಸೂಜಿಯದ್ದೋ ಏನೋ ಹೇಳಿದಳು. ನಾಳೆಗೆ ತರಕಾರಿಗಳ ಚಿತ್ರ ಕತ್ತರಿಸುವುದಿತ್ತು.

ಜುಲೈ 8, ಸೋಮವಾರ

ಮಹಾಕಾವ್ಯ ಮುಗಿಯಿತು. ಅಂದರೆ ರಟ್ಟಿನ ಮನೆ.

ಬಿಸ್ಕತ್ತಿನ ಪೆಟ್ಟಿಗೆಗಳನ್ನು ಬಿಡಿಸಿ, ಅಂಟಿಸಿ, ಮೇಜಿನ ಮೇಲೆ ನಿಲ್ಲುವಂತೆ ಮಾಡಿದ ಮನೆ. ಮುಂಭಾಗ ಪೂರ್ತಿ ತೆರೆದಿದೆ. ಅಡುಗೆಮನೆ, ಮಲಗುವ ಕೋಣೆ, ಕೂರುವ ಕೋಣೆ, ಬಚ್ಚಲು. ಅಕ್ಕ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟಳು. ಪ್ರತಿ ಮಗುವಿಗೂ ಒಂದೊಂದು ಲಕೋಟೆ, ಅದರೊಳಗೆ ಕಾಗದದ ಕುಟುಂಬ: ಅಪ್ಪ, ಅಮ್ಮ, ಅಜ್ಜಿ, ಮಗು. ಮಗು ಬಂದು ಒಬ್ಬೊಬ್ಬರನ್ನೂ ಒಂದೊಂದು ಕೋಣೆಯಲ್ಲಿ ನಿಲ್ಲಿಸಬೇಕು. ಉಳಿದವರು, "ನಿನ್ನ ಅಪ್ಪ ಎಲ್ಲಿದ್ದಾರೆ?" "ನಿನ್ನ ಅಮ್ಮ ಎಲ್ಲಿದ್ದಾರೆ?" ಎಂದು ಕೇಳಬೇಕು. ಮಗು ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು. ನಿಯಮ ಒಂದೇ: ಕುಟುಂಬದ ಎಲ್ಲರೂ ಮನೆಯೊಳಗಿರಬೇಕು. ಯಾರಾದರೂ ಲಕೋಟೆಯಲ್ಲೇ ಉಳಿದರೆ ಸರದಿ ಹೋಯಿತು. ಇಲ್ಲದಿದ್ದರೆ ಈ ಸೋಮಾರಿಗಳು ಒಬ್ಬರನ್ನು ನಿಲ್ಲಿಸಿ ಒಂದು ವಾಕ್ಯ ಹೇಳಿ ಓಡಿಹೋಗುತ್ತಾರೆ. ಈ ನಿಯಮ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ.

ಸ್ಟಾಫ್ ರೂಮಿನಲ್ಲಿ ಚಾವಣಿ ಅಂಟಿಸುತ್ತಿದ್ದಾಗ ಮೂರನೇ ತರಗತಿಯ ಕ್ಲಾಸ್ ಟೀಚರ್ ಬಂದು ಪಕ್ಕದಲ್ಲಿ ನಿಂತರು.

"ಸರ್, ಆ ಕಿಟಕಿ ಪಕ್ಕದ ಹುಡುಗಿ ವಿಷಯ ನಿಮಗೆ ಗೊತ್ತಲ್ವಾ?"

"ಗೊತ್ತು, ಗೊತ್ತು," ಅಂದೆ. ಚಾವಣಿಯ ಒಂದು ಮೂಲೆ ಬಾಯಿ ಬಿಡುತ್ತಿತ್ತು.

"ಮೇ ತಿಂಗಳಿಂದ ಹಾಗೇ ಇದ್ದಾಳೆ. ಸ್ವಲ್ಪ ನೋಡ್ಕೊಳ್ಳಿ."

"ಮಾತಾಡಿಸ್ತೀನಿ ಬಿಡಿ ಮೇಡಂ. ನನ್ನ ಕ್ಲಾಸಲ್ಲಿ ಕಲ್ಲೂ ಮಾತಾಡುತ್ತೆ."

ಅವರು ಇನ್ನೇನೋ ಹೇಳಲು ಹೊರಟರು. ನಾನು ಬಾಯಲ್ಲಿ ಟೇಪು ಕಚ್ಚಿಕೊಂಡಿದ್ದೆ. ಹೋದರು. ಮಾತು ಕಡಿಮೆಯಿರುವ ಮಕ್ಕಳ ಬಗ್ಗೆ ಈ ಹೆಂಗಸರಿಗೆ ಎಷ್ಟು ಆತಂಕ!

ಜುಲೈ 19, ಶುಕ್ರವಾರ

ಕಲ್ಲು ಮಾತಾಡಿತು! ಹೆಡ್‌ಮಿಸ್‌ಗೆ ಹೇಳಿದೆ, ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿದೆ, ಗೇಟಿನ ವಾಚ್‌ಮನ್‌ಗೂ ಹೇಳಿದೆ.

ಇಷ್ಟು ದಿನ ಸರದಿ ಬಂದಾಗಲೆಲ್ಲ ಅಳಿಲು ಬರುವಳು, ಅಮ್ಮನನ್ನೂ ಅಜ್ಜಿಯನ್ನೂ ನಿಲ್ಲಿಸುವಳು, ಅಪ್ಪನನ್ನು ಲಕೋಟೆಯಲ್ಲೇ ಬಿಟ್ಟು ಸರದಿ ಕಳೆದುಕೊಂಡು ಹೋಗುವಳು. ಮರೆವು ಅಂದುಕೊಂಡಿದ್ದೆ. ಇಂದು ನಾನೇ ಲಕೋಟೆ ಅಲ್ಲಾಡಿಸಿ, "ಅಪ್ಪ ಎಲ್ಲಿದ್ದಾರೆ? ಅಪ್ಪ, ಅಪ್ಪ!" ಎಂದು ಹಾಡಿನ ಧಾಟಿಯಲ್ಲಿ ಕೇಳಿದೆ. ಇಡೀ ಕ್ಲಾಸು ದನಿಗೂಡಿಸಿತು. ಅವಳು ಸುಮಾರು ಹೊತ್ತು ಕಾಗದದ ಅಪ್ಪನನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಆಮೇಲೆ ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಬೀಳದಂತೆ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಮತ್ತು ಆಚೆ ಭಾಷೆಯಲ್ಲಿ, ಒಂದು ತಪ್ಪೂ ಇಲ್ಲದೆ ಹೇಳಿದಳು: "ನನ್ನ ಅಪ್ಪ ಅಡುಗೆಮನೆಯಲ್ಲಿ ಇದ್ದಾರೆ."

ಉಚ್ಚಾರಣೆ! ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ನಾನು "ಬಹಳ ಚೆನ್ನಾಗಿದೆ!" ಎಂದು ಚಪ್ಪಾಳೆ ತಟ್ಟಿಸಿದೆ. ಅವಳು ಮತ್ತೊಮ್ಮೆ ಹೇಳಲೇ ಎಂಬಂತೆ ನನ್ನ ಮುಖ ನೋಡಿದಳು. "ಹೇಳು, ಹೇಳು," ಅಂದೆ. ಹೇಳಿದಳು.

ಆಗಸ್ಟ್ 5, ಸೋಮವಾರ

ಅಳಿಲು ಈಗ ನನ್ನನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸುತ್ತಾಳೆ. "ಸರ್, 'ಕಪ್ಪು ತೊಳೀತಾರೆ' ಅಂತ ಆಚೆ ಭಾಷೇಲಿ ಹೇಗೆ?" "ಸರ್, 'ಬಿಸಿ ಇದೆ' ಅನ್ನೋದಕ್ಕೆ?" "ಸರ್, 'ಕೂತ್ಕೋ' ಅಂತ ಅಪ್ಪ ನನಗೆ ಹೇಳೋದು ಹೇಗೆ?" ಪುಸ್ತಕದಲ್ಲಿ ಇನ್ನೂ ಬಾರದ ಪದಗಳು! ಬೇಡಿದ್ದನ್ನೆಲ್ಲ ಕೊಟ್ಟೆ. ಮಗುವಿಗೆ ತಾನಾಗಿ ಪದ ಬೇಕೆನಿಸುವುದೇ ಭಾಷಾಬೋಧನೆಯ ಪರಮಪದ. ಅವಳ ಕಾಗದದ ಅಪ್ಪ ಈಗ ಟೀ ಮಾಡುತ್ತಾನೆ, ಕಪ್ಪು ತೊಳೆಯುತ್ತಾನೆ, ಎಲ್ಲರನ್ನೂ ಕೂರಿಸುತ್ತಾನೆ. ಉಳಿದ ಮಕ್ಕಳ ಅಪ್ಪಂದಿರು ಇನ್ನೂ ಮಲಗುವ ಕೋಣೆಯಲ್ಲೋ ಬಚ್ಚಲಿನಲ್ಲೋ ಬಿದ್ದುಕೊಂಡಿದ್ದಾರೆ.

ಚಿತ್ರದ ಕಾರ್ಡುಗಳನ್ನು ಮನೆಗೆ ಒಯ್ಯಲು ಬಿಟ್ಟಿದ್ದೆ. ಇಂದು ಅವನ್ನು ಮರಳಿಸಲು ಅವಳ ತಾಯಿಯೇ ಬಂದಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸವಂತೆ, ಅಲ್ಲಿಯ ನೀಲಿ ಕೋಟು ಇನ್ನೂ ಮೈಮೇಲೇ ಇತ್ತು. ಒಂದು ಕಾರ್ಡು ತೆಗೆದು, "ಸರ್, ಇದು ಅಡುಗೆಮನೆ ಅಲ್ವಾ? ಇದನ್ನ ಹೇಗೆ ಹೇಳ್ತಾರೆ?" ಎಂದು ಕೇಳಿದರು. ಹೇಳಿದೆ. ತಾವೂ ಮೆಲ್ಲಗೆ ಎರಡು ಸಲ ಹೇಳಿಕೊಂಡರು.

"ನೀವೂ ಕಲೀತಿದ್ದೀರಾ! ತಾಯಂದಿರು ಹೀಗಿರಬೇಕು," ಅಂದೆ.

"ಸುಮ್ನೆ, ಅವಳು ಏನು ಹೇಳ್ತಾಳೆ ಅಂತ ತಿಳ್ಕೊಳ್ಳೋಣ ಅಂತ," ಎಂದರು.

ತಾಯಂದಿರಿಗೂ ತಾವಾಗಿ ಪದ ಬೇಕೆನಿಸತೊಡಗಿದೆ. ನನ್ನ ಪ್ರಭಾವ ಈಗ ಶಾಲೆಯ ಕಾಂಪೌಂಡು ದಾಟಿದೆ.

ಆಗಸ್ಟ್ 22, ಗುರುವಾರ

ತಾಲೀಮು. ಗೆದ್ದರೂ ಸೋತರೂ ಅಳಿಲಿನಿಂದಲೇ ಎಂದು ನಿರ್ಧರಿಸಿದ್ದೇನೆ. ಕೊನೆಯ ಸರದಿ ಅವಳದು.

ಕ್ಲಾಸ್ ಟೀಚರ್‌ಗೆ ಇದನ್ನು ಹೇಳಿದೆ. ಅವರು ತಕ್ಷಣ, "ಅವಳಿಗೆ ಯಾವ ಪ್ರಶ್ನೆ ಕೇಳ್ತೀರಿ?" ಎಂದರು.

"ಯಾವುದಾದರೇನು ಮೇಡಂ, ಎಲ್ಲಕ್ಕೂ ಪೂರ್ತಿ ವಾಕ್ಯದಲ್ಲಿ ಉತ್ತರಿಸ್ತಾಳೆ."

"ಅದಲ್ಲ ಸರ್, ಮನೆ ವಿಷಯ ಬೇಡ ಅಂತ…"

"ಮನೆ ವಿಷಯವೇ ಅವಳ ಬ್ರಹ್ಮಾಸ್ತ್ರ!" ಅಂದೆ. ಅಷ್ಟರಲ್ಲಿ ಕಪ್ಪೆ ರಟ್ಟಿನ ಮನೆಯ ಚಾವಣಿಯ ಮೇಲೆ ಅಜ್ಜಿಯನ್ನು ಕೂರಿಸಿ, "ಸರ್, ಅಜ್ಜಿ ಹಾರ್ತಾಳೆ," ಎಂದು ಕೂಗಿದ. ಓಡಿದೆ.

ಅಕ್ಕ ಇಂದು ಸಂಜೆ ಹೊಲಿಯಲಿಲ್ಲ. ದೀಪ ಹಾಕದೆ ಕೂತಿದ್ದಳು. "ಯಾಕೆ?" ಅಂದೆ. ಏನೋ ಹೇಳಿದಳು. ನಾನು ಪಾಠದ ಟಿಪ್ಪಣಿ ನೋಡುತ್ತ "ಹೂಂ" ಎನ್ನುತ್ತಿದ್ದೆ. ಕೊನೆಗೆ, "ನೋಡು, ಈಗ ನಾನು ಮನೆಗೆ ಬೆಂಕಿ ಬಿತ್ತು ಅಂದೆ, ಅದಕ್ಕೂ ನೀನು ಹೂಂ ಅಂದೆ," ಎಂದಳು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೆಚ್ಚು ನಕ್ಕೆ.

ಆಗಸ್ಟ್ 31, ಶನಿವಾರ

ಜಯಭೇರಿ!

ಸಮಿತಿಯವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಹಿಂದೆ ತಂದೆತಾಯಿಗಳು. ಅಳಿಲಿನ ತಾಯಿ ಬಾಗಿಲ ಬಳಿ, ನೀಲಿ ಕೋಟಿನಲ್ಲೇ. ಹಾಡು ಚೆನ್ನಾಯಿತು. ಚೀಲದಾಟದಲ್ಲಿ ಅಧ್ಯಕ್ಷರೇ ಕೈ ಹಾಕಿ ಬಾಚಣಿಗೆಯನ್ನು ಗುರುತಿಸಲಾಗದೆ ಸೋತರು, ಮಕ್ಕಳಿಗೆ ಸಂತೋಷವೋ ಸಂತೋಷ. ಅವರದು ಬೋಳುತಲೆ ಎಂಬುದನ್ನು ಕಪ್ಪೆ ಮನೆಮಾತಿನಲ್ಲೇ ಎಲ್ಲರಿಗೂ ತಿಳಿಯಪಡಿಸಿದ.

ಕೊನೆಗೆ ರಟ್ಟಿನ ಮನೆ, ಅಳಿಲು. ಅಜ್ಜಿ ಮಲಗುವ ಕೋಣೆಯಲ್ಲಿ. ಅಮ್ಮ ಕೂರುವ ಕೋಣೆಯಲ್ಲಿ. ಆಮೇಲೆ ಅಪ್ಪನನ್ನು ಲಕೋಟೆಯಿಂದ ತೆಗೆದು, ಕಾಗದದ ಕಾಲು ಮಡಿಸಿದ್ದನ್ನು ನೇರ ಮಾಡಿ, ಅಡುಗೆಮನೆಯಲ್ಲಿ ನಿಲ್ಲಿಸಿದಳು. ಅಧ್ಯಕ್ಷರಿಗೆ ನಾನು ಮೊದಲೇ ಪ್ರಶ್ನೆ ಕಲಿಸಿಕೊಟ್ಟಿದ್ದೆ. ಅವರೇ ಕೇಳಿದರು: "ನಿನ್ನ ಅಪ್ಪ ಎಲ್ಲಿದ್ದಾರೆ?"

"ನನ್ನ ಅಪ್ಪ ಅಡುಗೆಮನೆಯಲ್ಲಿ ಇದ್ದಾರೆ. ಅಪ್ಪ ಟೀ ಮಾಡುತ್ತಾರೆ. ಟೀ ಬಿಸಿ ಇದೆ. ಅಪ್ಪ ಎಲ್ಲ ಕಪ್ಪುಗಳನ್ನೂ ತೊಳೆಯುತ್ತಾರೆ. ಅಪ್ಪ ಹೇಳುತ್ತಾರೆ: ಕೂತುಕೋ."

ಒಂದೇ ಉಸಿರಿನಲ್ಲಿ ಐದು ವಾಕ್ಯ! ನಾನು ಸಮಿತಿಗಾಗಿ ಅನುವಾದಿಸಿದೆ. ಅಧ್ಯಕ್ಷರು, "ನಮ್ಮನೇಲಿ ಅಪ್ಪ ಅಡುಗೆಮನೆಗೆ ಹೋದ್ರೆ ಅಮ್ಮ ತವರುಮನೆಗೆ ಹೋಗ್ತಾಳೆ," ಎಂದರು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಚಪ್ಪಾಳೆ. ಅಳಿಲಿನ ತಾಯಿ ಎದ್ದು ಹೋದರು, ಅಂಗಡಿಗೆ ಹೊತ್ತಾಯಿತೇನೋ. ಕ್ಲಾಸ್ ಟೀಚರ್ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಪಾಠ ನೋಡಿ ಕಣ್ಣಲ್ಲಿ ನೀರು ಬಂದವರು ಈ ಹಿಂದೆ ಇದ್ದರು, ಆದರೆ ಅವರೆಲ್ಲ ಆಕಳಿಸಿದವರು.

ಖಾಯಂ. ಅಲ್ಲೇ, ನಿಂತಲ್ಲೇ ಘೋಷಿಸಿದರು. "ಆ ಕೊನೇ ಹುಡುಗಿ ಮಾತಾಡಿದ್ಳಲ್ಲ, ಅದೇ ಸಾಕು," ಎಂದರು ಅಧ್ಯಕ್ಷರು.

ಸೆಪ್ಟೆಂಬರ್ 2, ಸೋಮವಾರ

ಮಧ್ಯಾಹ್ನ ಬಿಡುವಿನಲ್ಲಿ ಅಳಿಲಿನ ತಾಯಿ ಬಂದರು. ನಾನು ಅಭಿನಂದನೆ ಸ್ವೀಕರಿಸುವ ಮುಖ ಮಾಡಿಕೊಂಡು ಎದ್ದು ನಿಂತೆ. ಆ ಮುಖವನ್ನು ಆಮೇಲೆ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಸರ್, ಅವಳನ್ನ ಈ ಕ್ಲಾಸಿಂದ ಬಿಡಿಸಬೇಕು. ಆ ಪೀರಿಯಡ್‌ನಲ್ಲಿ ಬೇರೆ ಎಲ್ಲಾದ್ರೂ ಕೂರಿಸಿ."

"ಅವಳು ನನ್ನ ಅತ್ಯುತ್ತಮ ವಿದ್ಯಾರ್ಥಿನಿ," ಅಂದೆ.

"ಹೌದು ಸರ್. ನೀವು ತುಂಬ ಚೆನ್ನಾಗಿ ಕಲಿಸಿದ್ದೀರಿ. ಅದೇ ತೊಂದರೆ ಆಗಿರೋದು." ಕೋಟಿನ ಗುಂಡಿ ಹಾಕುತ್ತ, ಬಿಚ್ಚುತ್ತ ಹೇಳಿದರು. "ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗಿ ನಿಂತು ಆ ಭಾಷೇಲಿ ಮಾತಾಡ್ತಾಳೆ. ಮೊದಮೊದಲು ಹೋಂವರ್ಕ್ ಅಂದ್ಕೊಂಡೆ. ನನಗೆ ಅರ್ಥ ಆಗಲ್ಲ ಅಂತ ಅವಳಿಗೆ ಧೈರ್ಯ. ನಾನೂ ಕಾರ್ಡ್ ನೋಡಿ ನೋಡಿ ಕಲಿತೆ. ಅರ್ಥ ಆದ ಮೇಲೆ, ಕಲೀಬಾರದಿತ್ತು ಅನ್ನಿಸ್ತು."

"ಏನು ಹೇಳ್ತಾಳೆ?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದ ರೀತಿ ಬರೆಯಲು ಬರುವುದಿಲ್ಲ. "ನಿಮಗೆ ಗೊತ್ತಿಲ್ವಾ ಸರ್? ಕ್ಲಾಸ್ ಟೀಚರ್ ಹೇಳಿದ್ದೀನಿ ಅಂದ್ರು. ಅವಳ ಅಪ್ಪ ಮೇ ತಿಂಗಳಲ್ಲಿ ಹೋದ್ರು."

ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದಿದ್ದೆ. ದೇವರ ದಯೆ, ಮುಚ್ಚಿದೆ.

ಅವರು ಹೋದ ಮೇಲೆ ಅಳಿಲನ್ನು ಕರೆದೆ. ಗೆರೆಯ ಈಚೆ, ಕಾರಿಡಾರಿನಲ್ಲಿ. "ಅಪ್ಪ ಅಡುಗೆಮನೇಲಿ ಇದ್ದಾರೆ ಅಂತ ಯಾಕೆ ಹೇಳ್ತಿದ್ದೆ, ಪುಟ್ಟಿ?"

ಬೈಗುಳ ಎಂದುಕೊಂಡಳೇನೋ, ಗೋಡೆಗೆ ಅಂಟಿಕೊಂಡಳು. "ನೀವೇ ಅಲ್ವಾ ಸರ್ ಹೇಳಿದ್ದು, ಎಲ್ಲರೂ ಮನೆಯೊಳಗೇ ಇರಬೇಕು ಅಂತ."

ಸೆಪ್ಟೆಂಬರ್ 6, ಶುಕ್ರವಾರ

ನನ್ನ ಪೀರಿಯಡ್‌ನಲ್ಲಿ ಅವಳು ಪಕ್ಕದ ಕೋಣೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಕೂರುತ್ತಾಳೆ. ನಡುವೆ ಮರದ ತಡಿಕೆ. ನಮ್ಮ ಹಾಡು ಅಲ್ಲಿಗೆ ಕೇಳುತ್ತದೆ. ಮೆಲ್ಲಗೆ ಹಾಡಿಸಿದೆ. ಕಪ್ಪೆಗೆ ಮೆಲ್ಲಗೆ ಎಂಬ ಪದ ಯಾವ ಭಾಷೆಯಲ್ಲೂ ಬಾರದು.

"ಏನು ಬಿಡಿಸ್ತಾಳೆ?" ಎಂದು ಮೇಷ್ಟ್ರನ್ನು ಕೇಳಿದೆ.

"ಏನೂ ಇಲ್ಲ. ಪೆನ್ಸಿಲ್ ಕೆತ್ತುತ್ತಾಳೆ. ನನ್ನ ಪೆನ್ಸಿಲ್ಲೆಲ್ಲ ಸೂಜಿ ಆಗಿವೆ."

ಕ್ಲಾಸ್ ಟೀಚರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗಬಹುದಿತ್ತು. "ನಾನು ಇನ್ನೊಂದ್ಸಲ ಬಿಡಿಸಿ ಹೇಳಬೇಕಿತ್ತು ಸರ್," ಎಂದು ತಪ್ಪನ್ನು ತಮ್ಮ ಕಡೆಗೇ ಎಳೆದುಕೊಂಡರು. ಅದನ್ನೂ ನನಗೆ ಉಳಿಸಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ಅಕ್ಕ ಹೇಳಿದ್ದು: ಬಲಗಣ್ಣಿನಲ್ಲಿ ನೋಡಿದರೆ ದಾರ ಎರಡಾಗಿ ಕಾಣುತ್ತದೆ. ಜೂನ್‌ನಿಂದ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವ ಕೆಲಸ ಬಂದರೆ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಡುತ್ತಾಳೆ. ರಟ್ಟಿನ ಮನೆಯ ಪರದೆಯನ್ನು ಕೈಯಲ್ಲಿ ತಡವಿ ತಡವಿ ಹೊಲಿದದ್ದು. ಮೆಷಿನ್ ಮಾರಬೇಕಾಗುತ್ತದೇನೋ ಎಂದು ಹೆದರಿಕೆ. ಡಾಕ್ಟರ ಹತ್ತಿರ ಒಬ್ಬಳೇ ಹೋಗಲು ಧೈರ್ಯವಿಲ್ಲ, ಅವರೇನಾದರೂ ಹೇಳಿದರೆ ಜೊತೆಗೆ ಕೇಳಿಸಿಕೊಳ್ಳಲು ಒಬ್ಬರು ಬೇಕು. ಎಳೆಯ ವಯಸ್ಸಿನಲ್ಲಿ ನನ್ನ ಅಂಗಿಗಳಿಗೆಲ್ಲ ಗುಂಡಿ ಹಾಕುತ್ತಿದ್ದಾಗ ಕಣ್ಣು ಮುಚ್ಚಿಕೊಂಡು ಸೂಜಿ ಪೋಣಿಸುವ ಪಂದ್ಯ ಕಟ್ಟುತ್ತಿದ್ದಳಂತೆ. ನನಗೆ ನೆನಪಿಲ್ಲ. ಅವಳಿಗೆ ಚೆನ್ನಾಗಿ ನೆನಪಿದೆ.

ನಾಳೆ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋಗುತ್ತೇವೆ.

ಇಂದು ಪ್ರಯೋಗದ ವಿಷಯ ಬರೆಯುವಂಥದ್ದೇನೂ ಇಲ್ಲ.

ಸೆಪ್ಟೆಂಬರ್ 18, ಬುಧವಾರ

ಇಂದಿನ ಪಾಠ ಸಂಪೂರ್ಣ ವಿಫಲ. ಹೊಸದಾಗಿ ಕಲಿತ ಪದಗಳು: ಸೊನ್ನೆ. ನಾನು "ಬಹಳ ಚೆನ್ನಾಗಿದೆ" ಎಂದದ್ದು: ಒಮ್ಮೆಯೂ ಇಲ್ಲ. ದಾಖಲೆಗಾಗಿ ಬರೆಯುತ್ತಿದ್ದೇನೆ.

ರಟ್ಟಿನ ಮನೆಯ ಆಟ ಶುರುವಾಗುವ ಮುಂಚೆ ನಿಯಮ ಬದಲಾಯಿಸಿದೆ. ಯಾರು ಮನೆಯಲ್ಲಿದ್ದಾರೋ ಅವರನ್ನು ಮಾತ್ರ ಒಳಗಿಡಿ, ಇಲ್ಲದವರನ್ನು ನಿಮಗೆ ತೋಚಿದಲ್ಲಿಡಿ. ಇದನ್ನು ಆಚೆ ಭಾಷೆಯಲ್ಲಿ ಹೇಳಲು ಹೋಗಿ ಸಾಕಾಗಿ, ಗೆರೆಯೊಳಗೇ ನಿಂತು ಮನೆಮಾತಿನಲ್ಲಿ ಹೇಳಿದೆ. ಆಮೇಲೆ ಕಟ್ಟೆ ಒಡೆಯಿತು.

ಒಂಟೆಯ ಅಪ್ಪ ಹಡಗಿನಲ್ಲಿ ಅಡುಗೆಯವರು. ಮನೆಯಲ್ಲಿ ಒಲೆ ಮುಟ್ಟುವುದಿಲ್ಲವಂತೆ. ಅವರನ್ನು ನನ್ನ ನೀರಿನ ಲೋಟದ ಪಕ್ಕ ನಿಲ್ಲಿಸಿದಳು. ಹುಲಿಯ ಲಕೋಟೆಯ ಮಗು ಅಕ್ಕನಾಯಿತು, ಅವಳು ಹಾಸ್ಟೆಲ್ಲಿನಲ್ಲಿ, ಅಂದರೆ ಕಪಾಟಿನೊಳಗೆ. ಆಮೆಗೆ ಎರಡು ಮನೆ. ಅಪ್ಪನಿಗಾಗಿ ಜ್ಯಾಮಿಟ್ರಿ ಬಾಕ್ಸನ್ನು ತೆರೆದಿಟ್ಟು, "ಇಲ್ಲಿ ಟಿವಿ ದೊಡ್ಡದು," ಎಂದ. ಇಷ್ಟು ತಿಂಗಳು ಇದೇ ಆಮೆ ಅಪ್ಪನನ್ನು ಬಚ್ಚಲಿನಲ್ಲಿ ನಿಲ್ಲಿಸುತ್ತಿದ್ದಾಗ ನಾನು ಅವನ ಉಚ್ಚಾರಣೆ ತಿದ್ದುತ್ತಿದ್ದೆ. ಕಪ್ಪೆ, ಕುಣಿಯದೆ, ನಡೆದು ಬಂದು, ಅಜ್ಜಿಯನ್ನು ಕಿಟಕಿಯ ಸರಳುಗಳ ನಡುವೆ, ಬೆಳಕು ಬೀಳುವ ಕಡೆ ಇಟ್ಟ. "ಅಲ್ಲಿಂದ ಕಾಣ್ಸುತ್ತೆ," ಎಂದ. ಯಾರಿಗೆ, ಏನು ಕಾಣಿಸುತ್ತದೆ ಎಂದು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಗದ್ದಲಕ್ಕೆ ಹೆಡ್‌ಮಿಸ್ ಬಂದು ಬಾಗಿಲಲ್ಲಿ ನಿಂತರು. "ಇದು ಯಾವ ಭಾಷೆ ಮೇಷ್ಟ್ರೇ?"

"ಪರಿಶೀಲಿಸ್ತಿದ್ದೀನಿ ಮೇಡಂ," ಅಂದೆ.

ತಡಿಕೆಯ ಆಚೆ ಪೆನ್ಸಿಲ್ ಕೆತ್ತುವ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದಳೇ? ಎದ್ದು ಹೋಗಿ ಕರೆಯಲೇ ಎನಿಸಿತು. ಅವಳ ತಾಯಿಗೆ ಮಾತು ಕೊಟ್ಟಿದ್ದೆ. ಕರೆಯಲಿಲ್ಲ. ಈ ಪಾಠವನ್ನು ಜುಲೈನಲ್ಲಿ ಮಾಡಬೇಕಾಗಿತ್ತು. ಯಾರಿಗಾಗಿ ಮಾಡಬೇಕಾಗಿತ್ತೋ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕ್ಲಾಸಿನಲ್ಲಿದ್ದರು.

ಸೆಪ್ಟೆಂಬರ್ 27, ಶುಕ್ರವಾರ

ಅಳಿಲು ಶಾಲೆ ಬಿಡುತ್ತಿದ್ದಾಳೆ. ತಾಯಿಯ ತಂಗಿ ಇರುವ ಊರಿಗೆ ಹೋಗುತ್ತಾರಂತೆ, ಅಲ್ಲಿಯೂ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ತಾಯಿ ಆಫೀಸಿನಲ್ಲಿ ಹೆಡ್‌ಮಿಸ್ ಜೊತೆ ಮಾತಾಡುತ್ತಿದ್ದರು. ಅವಳು ಹೊರಗೆ ಬೆಂಚಿನ ಮೇಲೆ ಕಾಲು ತೂಗಾಡಿಸುತ್ತ ಕೂತಿದ್ದಳು. ನಾನು ವಾರದಿಂದ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು. ಪಕ್ಕದಲ್ಲಿ ಕೂತ ಮೇಲೆ ಒಂದೂ ಉಪಯೋಗಕ್ಕೆ ಬರುವಂತೆ ಕಾಣಲಿಲ್ಲ.

"ಹೊಸ ಸ್ಕೂಲಲ್ಲಿ ಆಚೆ ಭಾಷೆ ಇಲ್ವಂತೆ ಸರ್," ಎಂದಳು.

"ಹೌದಾ." ಆಮೇಲೆ, "ನಿಮ್ಮಪ್ಪ ಹೇಗಿದ್ರು?" ಎಂದೆ. ನಾನು ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳಿಗೆ ಕೇಳಿದ್ದು ಇದೇ ಮೊದಲು.

ಅವಳು ಮೊದಲು ಆಫೀಸಿನ ಬಾಗಿಲು ನೋಡಿದಳು. ಆಮೇಲೆ ಹೇಳಿದಳು. ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದರು. ಅಂಗಿಯೆಲ್ಲ ಬ್ರೆಡ್ಡಿನ ವಾಸನೆ. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಕೆಲಸ ಮುಗಿಸಿ ಬಂದಿರುತ್ತಿದ್ದರು. ಟೀ ಮಾಡುತ್ತಿದ್ದರು, ಹಾಲು ಉಕ್ಕಿಸುತ್ತಿದ್ದರು, ಉಕ್ಕಿದ್ದನ್ನು ಅಮ್ಮ ಏಳುವ ಮುಂಚೆ ಒರೆಸಲು ಇಬ್ಬರೂ ಒದ್ದಾಡುತ್ತಿದ್ದರು.

"ಕಪ್ಪು ತೊಳೀತಿದ್ರಲ್ಲ," ಅಂದೆ.

"ಇಲ್ಲ ಸರ್!" ಅವಳು ಮೊದಲ ಬಾರಿಗೆ ನಕ್ಕಳು, ಮುಂದಿನ ಹಲ್ಲೊಂದು ಬಿದ್ದಿತ್ತು. "ತಮ್ಮದೊಂದೇ ತೊಳ್ಕೊಳ್ತಿದ್ರು. ಉಳಿದದ್ದು ಹಾಗೇ ಬಿಡ್ತಿದ್ರು. ಅಮ್ಮ ದಿನಾ ಬೈಯೋಳು. ಆಟದಲ್ಲಿ ಮಾತ್ರ ಎಲ್ಲ ತೊಳೀತಾರೆ."

ನನಗೂ ನಗು ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು, ನನ್ನ ಪೀರಿಯಡ್‌ನದು. ನಾನು ಏಳಲಿಲ್ಲ. ಅವಳು ಇನ್ನೂ ಹೇಳುತ್ತಿದ್ದಳು: ವ್ಯಾನಿನ ಹಿಂದಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದಕ್ಕೊಂದು ಹಗ್ಗ ಕಟ್ಟಿದ್ದರು, ಆ ಹಗ್ಗ ಬಿಚ್ಚುವುದು ಅವಳ ಕೆಲಸ. ಅಲ್ಲಿಗೆ ಬಂದಿದ್ದಳು. ತಾಯಿ ಹೊರಗೆ ಬಂದರು. ನನ್ನನ್ನು ನೋಡಿದರು, ಅವಳ ನಗುಮುಖ ನೋಡಿದರು. ಆಮೇಲೆ, "ಬಸ್ಸಿಗೆ ಹೊತ್ತಾಗುತ್ತೆ, ಬಾ," ಎಂದರು. ಹಗ್ಗದ ಕಥೆ ಅರ್ಧಕ್ಕೇ ನಿಂತಿತು.

ಗೇಟಿನವರೆಗೂ ನೋಡಿದೆ. ಅವಳ ನಿಜವಾದ ಹೆಸರು ಹಿಡಿದು ನಾನು ಒಮ್ಮೆಯೂ ಕರೆದಿರಲಿಲ್ಲ. ಕೂಗಲು ಬಾಯಿ ತೆರೆದಾಗ ನೆನಪಾಯಿತು.

ಸೆಪ್ಟೆಂಬರ್ 30, ಸೋಮವಾರ

ಖಾಯಂ ಆದ ಆದೇಶ ಕೈಗೆ ಬಂತು. ಅಕ್ಕ ಎಡಗಣ್ಣು ಮುಚ್ಚಿ, ಹೊಸ ಕನ್ನಡಕದಲ್ಲಿ ಬಲಗಣ್ಣಿನಿಂದಲೇ ಓದಿ, "ಒಂದೇ ಕಾಣ್ತಿದೆ, ಎರಡು ಸಂಬಳ ಇಲ್ಲ," ಎಂದಳು. ಡಾಕ್ಟರು ಚಳಿಗಾಲದಲ್ಲಿ ಒಂದು ಚಿಕ್ಕ ಆಪರೇಷನ್ ಎಂದಿದ್ದಾರೆ. ಅವರು ಹೇಳಿದ್ದನ್ನೆಲ್ಲ ನಾನು ಎರಡೆರಡು ಸಲ ಕೇಳಿಸಿಕೊಂಡೆ. ಅವರಿಗೇ ಬೇಸರ ಬಂತು.

ರಟ್ಟಿನ ಮನೆಯನ್ನು ಬಿಚ್ಚಿದೆ. ಬಿಸ್ಕತ್ತಿನ ಪೆಟ್ಟಿಗೆಗಳಲ್ಲಿ ಕೋಣೆಗಳನ್ನಷ್ಟೇ ಮಾಡಲು ಸಾಧ್ಯ. ಮಕ್ಕಳಿಗೆ ಈಗ ಬೀದಿ ಬೇಕು, ಬಂದರು ಬೇಕು, ಆಮೆಗೆ ಎರಡನೇ ಮನೆ ಬೇಕು, ಕಪ್ಪೆಯ ಅಜ್ಜಿಗೆ ಒಂದು ಎತ್ತರದ ಜಾಗ ಬೇಕು. ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿದ ವ್ಯಾನೊಂದನ್ನು ಯಾರೂ ಕೇಳಲಿಲ್ಲ, ಪಟ್ಟಿಗೆ ನಾನೇ ಸೇರಿಸಿದೆ.

ಇದನ್ನು ಯಾರೂ ಓದುವುದಿಲ್ಲವೆಂದು ಅಕ್ಕನಿಗೆ ಹೇಳಿದ್ದೆ. ಆದರೂ ಹೇಗೋ ನಿಮ್ಮ ಕೈಗೆ ಸಿಕ್ಕಿ, ಇಲ್ಲಿಯವರೆಗೂ ಓದಿಯೇ ಬಿಟ್ಟಿದ್ದರೆ, ಒಂದು ಉಪಕಾರವಾಗಬೇಕು. ನಿಮ್ಮ ಮನೆಗೋ ಪಕ್ಕದ ಮನೆಗೋ ಹೊಸ ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದರೆ, ಅದರ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು 'ಇದೇನು ಕಸ' ಎಂದು ಹರಿದು ಹಾಕಬೇಡಿ. ಮಡಿಸದೆ ಹಾಗೇ ತಂದು ಶಾಲೆಯ ಗೇಟಿನಲ್ಲಿ ವಾಚ್‌ಮನ್ ಕೈಗೆ ಕೊಡಿ, ಮೂರನೇ ತರಗತಿಗೆ ಎಂದರೆ ಸಾಕು. ಮೋಡವಿದ್ದರೆ ಒಳಗಿಡಲು ಹೇಳಿ. ನೆನೆದ ರಟ್ಟಿಗೆ ಗೋಂದು ಹಿಡಿಯುವುದಿಲ್ಲ.